ಬರಿದಾಗಿ ಕಾಣುವ ಗೆಲಾಕ್ಸಿಯಲ್ಲಿ ಬಿಸಿ ಅನಿಲ



ಹೋದ ತಿಂಗಳ ಗೋಡೆಪತ್ರಿಕೆಯಲ್ಲಿ ನಾನು ಗೆಲಾಕ್ಸಿಗಳ ಬಗ್ಗೆ ಬರೆದಿದ್ದೆ. “ದೀರ್ಘವೃತ್ತಾಕಾರದ ಗೆಲಾಕ್ಸಿಗಳಲ್ಲಿ ಅನಿಲ ಇರುವುದಿಲ್ಲ” ಅಂತ ಅದರಲ್ಲಿ ಒಂದು ಸಾಲಿತ್ತು. ಆ ಸಾಲು ತಪ್ಪು. ಅದನ್ನೇ ನಂಬಿದ ನಮ್ಮ ತರಗತಿಯ ಗೆಳೆಯನೊಬ್ಬ ರಸಪ್ರಶ್ನೆಯಲ್ಲಿ ಹಾಗೇ ಹೇಳಿ ಅಂಕ ಕಳೆದುಕೊಂಡ. ಅವನ ಕ್ಷಮೆ ಕೇಳಿ, ಸರಿಯಾದ ವಿಷಯ ಬರೆಯುತ್ತಿದ್ದೇನೆ.

ಗೆಲಾಕ್ಸಿ ಎಂದರೆ ಕೋಟಿಗಟ್ಟಲೆ ನಕ್ಷತ್ರಗಳ ಗುಂಪು. ನಮ್ಮ ಆಕಾಶಗಂಗೆ ಸುರುಳಿಯಾಗಿದೆ. ಇನ್ನು ಕೆಲವು ಮೊಟ್ಟೆಯ ಹಾಗಿರುತ್ತವೆ. ಇವೇ ದೀರ್ಘವೃತ್ತಾಕಾರದ ಗೆಲಾಕ್ಸಿಗಳು. ಇವುಗಳಲ್ಲಿ ಹಳೆಯ ನಕ್ಷತ್ರಗಳೇ ಜಾಸ್ತಿ. ಹೊಸ ನಕ್ಷತ್ರ ಹುಟ್ಟಬೇಕಾದರೆ ತಣ್ಣನೆಯ ಅನಿಲ ಬೇಕು. ಅದು ಅಲ್ಲಿ ಬಹಳ ಕಡಿಮೆ. ಹಾಗಾಗಿ ಅಲ್ಲಿ ಅನಿಲವೇ ಅಷ್ಟಾಗಿ ಇಲ್ಲ ಎಂದು ಮೊದಲು ವಿಜ್ಞಾನಿಗಳೂ ತಿಳಿದಿದ್ದರು.

ಆದರೆ ಬಿಸಿ ಅನಿಲ ಇದ್ದರೆ? ಕುಲುಮೆಯಲ್ಲಿ ಕಬ್ಬಿಣ ಕಾಯೋದನ್ನ ನೀವು ನೋಡಿದ್ದೀರಿ. ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಬಿಸಿ ಹೆಚ್ಚಿದಂತೆ ಬೆಳಕಿನ ಬಗೆ ಬದಲಾಗುತ್ತದೆ. ಸುಮಾರು 1 ಕೋಟಿ ಡಿಗ್ರಿಯಷ್ಟು ಕಾದ ಅನಿಲ ಹೆಚ್ಚಾಗಿ ಕ್ಷ-ಕಿರಣವನ್ನೇ ಹೊರಸೂಸುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಭೂಮಿಯ ವಾಯುಮಂಡಲ ಆ ಕಿರಣಗಳನ್ನು ತಡೆದುಬಿಡುತ್ತದೆ. ಅದಕ್ಕೇ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳಿಸಬೇಕು.

1978ರಲ್ಲಿ ಅಮೆರಿಕದವರು ಐನ್‌ಸ್ಟೈನ್ ಎಂಬ ದೂರದರ್ಶಕವನ್ನು ಹಾರಿಸಿದರು. ದೊಡ್ಡ ದೀರ್ಘವೃತ್ತಾಕಾರದ ಗೆಲಾಕ್ಸಿಗಳ ಸುತ್ತ ಬಿಸಿ ಅನಿಲ ತುಂಬಿರುವುದು ಅದರಿಂದ ಗೊತ್ತಾಯಿತು. ಹಳೆಯ ನಕ್ಷತ್ರಗಳು ಉದುರಿಸಿದ ಅನಿಲವೂ ಅದರಲ್ಲಿ ಸೇರಿದೆ. 1999ರ ಜುಲೈ 23ರಂದು ಚಂದ್ರಾ ದೂರದರ್ಶಕ ಹೋಯಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅವರು ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ.

ಅಷ್ಟು ಬಿಸಿ ಇದ್ರೆ ಅಲ್ಲಿ ಹೋದವರು ಸುಟ್ಟುಹೋಗಲ್ವಾ ಅಂತ ನನ್ನ ತಂಗಿ ಕೇಳಿದಳು. ಆ ಅನಿಲ ಬಹಳ ತೆಳು. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬೆರಳೆಣಿಕೆಯ ಕಣಗಳು ಇದ್ದರೆ ಹೆಚ್ಚು. ಆದರೆ ಗೆಲಾಕ್ಸಿ ಎಷ್ಟು ದೊಡ್ಡದೆಂದರೆ, ಒಟ್ಟು ಅನಿಲ ನೂರಾರು ಕೋಟಿ ಸೂರ್ಯರಷ್ಟು ತೂಗಬಹುದು.

ಇದರಿಂದ ಏನು ಪ್ರಯೋಜನ? ಇಷ್ಟು ಬಿಸಿಯಾದ ಅನಿಲ ಚದುರಿ ಓಡಿಹೋಗಬೇಕಿತ್ತು. ಹೋಗಿಲ್ಲ ಎಂದರೆ ಬಲವಾದ ಗುರುತ್ವ ಅದನ್ನು ಹಿಡಿದಿಟ್ಟಿದೆ. ಕಾಣುವ ನಕ್ಷತ್ರಗಳ ಗುರುತ್ವ ಸಾಲದು. ಕಾಣದ ದ್ರವ್ಯ ಅಲ್ಲಿದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಇನ್ನೊಂದು ಪ್ರಶ್ನೆ. ಕಿರಣ ಸೂಸುತ್ತಾ ಸೂಸುತ್ತಾ ಅನಿಲ ಆರಬೇಕಲ್ಲ? ಕನ್ಯಾ ರಾಶಿಯ ದಿಕ್ಕಿನಲ್ಲಿ, ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಎಂ 87 ಎಂಬ ಗೆಲಾಕ್ಸಿ ಇದೆ. ಅದರ ನಡುವಿನ ಕಪ್ಪುರಂಧ್ರದ ಹತ್ತಿರದಿಂದ ಚಿಮ್ಮುವ ಧಾರೆಗಳು ಸುತ್ತಲಿನ ಅನಿಲದಲ್ಲಿ ಗುಳ್ಳೆಗಳನ್ನು ಎಬ್ಬಿಸಿರುವುದನ್ನು ಚಂದ್ರಾ ತೋರಿಸಿತು. ಆರದಂತೆ ಕಾಯಿಸುತ್ತಿರುವುದು ಅದೇ ಎಂದು ವಿಜ್ಞಾನಿಗಳು ಹೇಳುತ್ತಾರೆ.

ಇದೆಲ್ಲ ದೂರದ ದೇಶದ ಕೆಲಸ ಅಂದುಕೊಳ್ಳಬೇಡಿ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್‌ನಲ್ಲಿ ಇಂಥ ಮೃದು ಕ್ಷ-ಕಿರಣ ನೋಡುವ ದೂರದರ್ಶಕವಿತ್ತು. ಆ ಉಪಗ್ರಹಕ್ಕೆ ಆಜ್ಞೆ ಹೋಗಿದ್ದು ಯಶವಂತಪುರದ ಆಚೆಯ ಪೀಣ್ಯದಿಂದ. ನಾವು ಯಲಹಂಕದಿಂದ ಬಸ್ಸಿನಲ್ಲಿ ಹೆಬ್ಬಾಳ ದಾಟಿ ಹೋದರೆ ಮೇಖ್ರಿ ಸರ್ಕಲ್ ಹತ್ತಿರ ರಾಮನ್ ಸಂಶೋಧನಾ ಸಂಸ್ಥೆ ಇದೆ. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣ ತಯಾರಾದದ್ದು ಅಲ್ಲೇ. ಅದು ಈ ಅನಿಲವನ್ನು ನೋಡಲು ಅಲ್ಲ, ಕಪ್ಪುರಂಧ್ರ ಮತ್ತು ನ್ಯೂಟ್ರಾನ್ ನಕ್ಷತ್ರಗಳ ಕ್ಷ-ಕಿರಣ ಪರೀಕ್ಷಿಸಲು.

ಹೋದ ತಿಂಗಳ ಸಾಲನ್ನು ಹೀಗೆ ತಿದ್ದಿಕೊಳ್ಳಿ: “ದೀರ್ಘವೃತ್ತಾಕಾರದ ಗೆಲಾಕ್ಸಿಗಳಲ್ಲಿ ತಣ್ಣನೆಯ ಅನಿಲ ಕಡಿಮೆ. ದೊಡ್ಡವುಗಳಲ್ಲಿ ಬಿಸಿ ಅನಿಲ ಬಹಳ.” ಕಾಣದ್ದನ್ನು ಇಲ್ಲ ಅಂತ ಬರೆಯುವ ಮುಂಚೆ ಇನ್ನು ಮೇಲೆ ಗುರುಗಳನ್ನು ಕೇಳುತ್ತೇನೆ. ಇದರಲ್ಲೂ ತಪ್ಪಿದ್ದರೆ ದಯವಿಟ್ಟು ಪಕ್ಕದಲ್ಲೇ ಬರೆಯಿರಿ.