ಲಾರಿಯ ಭಾರಮಿತಿ: ಸರಕು ಕಳುಹಿಸುವವರು ಅರಿಯಬೇಕಾದ ಲೆಕ್ಕ

ಸಾಗಣೆಯ ದರವನ್ನು ಟನ್ನಿನ ಲೆಕ್ಕದಲ್ಲಿ ಗೊತ್ತುಪಡಿಸುವ ವ್ಯವಹಾರದಲ್ಲಿ ‘ಇನ್ನೊಂದು ಟನ್ನು ಹಾಕಿ’ ಎಂಬ ಮಾತು ಸಾಮಾನ್ಯ. ಆದರೆ ಲಾರಿಯೊಂದು ಎಷ್ಟು ಭಾರವನ್ನು ಎಳೆಯಬಲ್ಲದು ಎಂಬುದು ಬೇರೆ, ಎಷ್ಟು ಭಾರವನ್ನು ಸುರಕ್ಷಿತವಾಗಿ ಹೊರಬಲ್ಲದು ಎಂಬುದು ಬೇರೆ. ಮೊದಲನೆಯದು ಮುಖ್ಯವಾಗಿ ಎಂಜಿನ್ನಿನ ಶಕ್ತಿಗೆ ಸಂಬಂಧಿಸಿದ್ದು. ಎರಡನೆಯದು ಬ್ರೇಕು, ಟೈರು, ಸ್ಪ್ರಿಂಗು ಮತ್ತು ಆಕ್ಸಲ್‌ಗಳನ್ನು ಅವಲಂಬಿಸಿದ್ದು.

ನೋಂದಣಿ ಪತ್ರದಲ್ಲಿ ಗಮನಿಸಬೇಕಾದ ಅಂಕಿಗಳು ಎರಡು: ವಾಹನದ ಒಟ್ಟು ತೂಕದ ಮಿತಿ ಹಾಗೂ ಖಾಲಿ ತೂಕ. ಇವೆರಡರ ವ್ಯತ್ಯಾಸವೇ ಹೊರಬಹುದಾದ ಭಾರ. ಖಾಲಿ ತೂಕದಲ್ಲಿ ಚಾಲಕ ಹಾಗೂ ಸಹಾಯಕರ ತೂಕ ಸೇರಿರುವುದಿಲ್ಲ. ಪೆಟ್ಟಿಗೆ, ಮರದ ಅಡಿಹಲಗೆ, ತಾಡಪಾಲುಗಳೂ ಭಾರವೇ ಆದುದರಿಂದ ಬಿಲ್ಲಿನಲ್ಲಿರುವ ಸರಕಿನ ನಿವ್ವಳ ತೂಕವನ್ನಷ್ಟೇ ನಂಬುವಂತಿಲ್ಲ.

ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ಎರಡು ಆಕ್ಸಲ್‌ಗಳ, ಹಿಂದೆ ನಾಲ್ಕು ಟೈರುಗಳುಳ್ಳ ಲಾರಿಯ ಒಟ್ಟು ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಏರಿತು: ಮುಂದಿನ ಆಕ್ಸಲ್‌ಗೆ 7 ಟನ್ನು, ಹಿಂದಿನದಕ್ಕೆ 11.5 ಟನ್ನು. ಆದರೂ ಆಯಾ ವಾಹನದ ನೋಂದಣಿ ಪತ್ರದಲ್ಲಿ ನಮೂದಾಗಿರುವ ಅಂಕಿಯನ್ನೇ ಅನುಸರಿಸತಕ್ಕದ್ದು.

ಒಟ್ಟು ತೂಕ ಮಿತಿಯೊಳಗಿದ್ದರೂ ಒಂದು ಆಕ್ಸಲ್ ಮಿತಿ ಮೀರಬಹುದು. ಉದಾಹರಣೆಗೆ, ಬೆಳಗಾವಿಯ ಫೌಂಡ್ರಿಯೊಂದರಿಂದ 11,000 ಕಿ.ಗ್ರಾಂ. ಎರಕದ ಬಿಡಿಭಾಗಗಳು ಹೊರಡುತ್ತವೆ ಎಂದು ಭಾವಿಸೋಣ. ಲಾರಿಯ ಖಾಲಿ ತೂಕ 6,500 ಕಿ.ಗ್ರಾಂ.; ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 3,300, ಹಿಂದಿನದರ ಮೇಲೆ 3,200. ಆಕ್ಸಲ್‌ಗಳ ನಡುವಿನ ಅಂತರ 5 ಮೀಟರು. ಇಳಿಸಲು ಸುಲಭವೆಂದು ಸರಕನ್ನು ಹಿಂಬದಿಯಲ್ಲಿ ಪೇರಿಸಿ, ಅದರ ಭಾರಕೇಂದ್ರವು ಹಿಂದಿನ ಆಕ್ಸಲ್‌ಗಿಂತ ಕೇವಲ ಅರ್ಧ ಮೀಟರು ಮುಂದಿದ್ದರೆ, ಸರಕಿನ ಹತ್ತನೆಯ ಒಂಬತ್ತು ಭಾಗ, ಅಂದರೆ 9,900 ಕಿ.ಗ್ರಾಂ., ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಅಲ್ಲಿನ ಒಟ್ಟು ಭಾರ 13,100 ಕಿ.ಗ್ರಾಂ.; ಮಿತಿಗಿಂತ 1,600 ಹೆಚ್ಚು. ಭಾರಕೇಂದ್ರವನ್ನು ಹಿಂದಿನ ಆಕ್ಸಲ್‌ಗಿಂತ 1.25 ಮೀಟರು ಮುಂದಿರುವಂತೆ ತಂದರೆ ಹಿಂದೆ 11,450, ಮುಂದೆ 6,050 ಕಿ.ಗ್ರಾಂ. ಆಗಿ ಎರಡೂ ಮಿತಿಯೊಳಗೆ ಬರುತ್ತವೆ. ಸರಕು ಅದೇ, ಲಾರಿಯೂ ಅದೇ. ಬದಲಾದದ್ದು ಜೋಡಣೆ ಮಾತ್ರ.

ಅಧಿಕ ಭಾರದಿಂದ ಲಾರಿ ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ರಸ್ತೆಯ ಸವೆತವು ಸ್ಥೂಲವಾಗಿ ಆಕ್ಸಲ್ ಭಾರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ ಶೇ. 20ರಷ್ಟು ಹೆಚ್ಚಿನ ಭಾರವು ಸುಮಾರು ಇಮ್ಮಡಿ ಹಾನಿ ಮಾಡುತ್ತದೆ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ನೆಯ ಕಲಮು ಅಧಿಕ ಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ನಿಗದಿಪಡಿಸಿದೆ. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಸಾಗುವಂತಿಲ್ಲ. ಇಳಿಸುವ ವೆಚ್ಚವೂ ಪ್ರತ್ಯೇಕ. ಈ ಕಲಮು ವಾಹನ ಚಲಾಯಿಸಿದವನಿಗಷ್ಟೇ ಅಲ್ಲ, ಹಾಗೆ ಚಲಾಯಿಸುವಂತೆ ಮಾಡಿದವರಿಗೂ ಅನ್ವಯಿಸುತ್ತದೆ. ‘ಅದು ಲಾರಿ ಮಾಲೀಕರ ಹೊಣೆ’ ಎಂದು ಸರಕಿನ ಒಡೆಯರು ಸುಮ್ಮನಿರಲಾಗದು.

ಆದಕಾರಣ ಸರಕು ಹೇರುವ ಮುನ್ನ ನೋಂದಣಿ ಪತ್ರವನ್ನು ನೋಡುವುದು, ಭಾರವಾದ ವಸ್ತುಗಳ ಸ್ಥಾನವನ್ನು ಹಮಾಲರಿಗೆ ಮೊದಲೇ ತಿಳಿಸುವುದು, ಹೊರಡುವಾಗ ವೇಬ್ರಿಡ್ಜಿನಲ್ಲಿ ತೂಗಿಸಿ ಚೀಟಿಯನ್ನು ಕಡತದಲ್ಲಿಡುವುದು ವಿವೇಕದ ಕ್ರಮ. ಒಂದು ಟನ್ನಿನ ಬಾಡಿಗೆ ಉಳಿಸಲು ಹೋಗಿ ಇಡೀ ಸರಕು ದಾರಿಯಲ್ಲಿ ನಿಂತರೆ ಆ ವ್ಯಾಪಾರದಲ್ಲಿ ಲಾಭವೆಂಬುದಿರದು.