ರಿಪೇರಿಗೆ ಬಂದ ಕಂಪ್ಯೂಟರ್: ಫೈಲ್ ಕೊಡಿ, ವೈರಸ್ ತಗೊಳ್ಳಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಯಾಗಲಿ, ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ಅಂಗಡಿಯಾಗಲಿ, ಕಂಪ್ಯೂಟರ್ ರಿಪೇರಿ ಎಂದರೆ ದಿನವಿಡೀ ಫೈಲುಗಳ ಓಡಾಟ. ಡ್ರೈವರ್, ಆಂಟಿವೈರಸ್, ವಿಂಡೋಸ್ ಇನ್‌ಸ್ಟಾಲರ್ ಎಲ್ಲವೂ ಅಂಗಡಿಯ ಒಂದು ಶೇರ್ಡ್ ಫೋಲ್ಡರಿನಲ್ಲಿರುತ್ತವೆ. ಬಂದ ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ಕೇಬಲ್ ಹಾಕಿ ಅಲ್ಲಿಂದ ಕಾಪಿ ಮಾಡಿಕೊಳ್ಳುವುದು ರೂಢಿ. ಆ ಲ್ಯಾಪ್‌ಟಾಪಿನಲ್ಲಿ ವೈರಸ್ ಇದ್ದರೆ ಅದೇ ಕೇಬಲ್ ಹಿಡಿದು ಅಂಗಡಿಯೊಳಗೆ ಬರಬಹುದು, ಮುಂದಿನ ಗ್ರಾಹಕರ ಮನೆಗೂ ಹೋಗಬಹುದು.

2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ಎಂಬ ಕುತಂತ್ರಾಂಶ ಹೀಗೇ ನೆಟ್‌ವರ್ಕಿನಲ್ಲಿ ಯಂತ್ರದಿಂದ ಯಂತ್ರಕ್ಕೆ ದಾಟಿತ್ತು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ಲೋಪವೇ ಅದಕ್ಕೆ ಸಾಕಾಗಿತ್ತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿದ್ದರೂ ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು.

ಪಾಲಿಸಬೇಕಾದ ನಿಯಮ ಒಂದೇ: ರಿಪೇರಿ ಬೆಂಚಿನ ಮೇಲಿನ ಗ್ರಾಹಕರ ಯಂತ್ರ ಅಂಗಡಿಯ ಫೈಲನ್ನು ಓದಬಹುದು, ಅಂಗಡಿಯ ಡಿಸ್ಕಿನಲ್ಲಿ ಏನನ್ನೂ ಬರೆಯುವಂತಿಲ್ಲ. ಬಂದ ಪ್ರತಿ ಯಂತ್ರದಲ್ಲೂ ವೈರಸ್ ಇದೆ ಎಂದೇ ಎಣಿಸಿ ಕೆಲಸ ಶುರುಮಾಡಿ.

1. ನೆಟ್‌ವರ್ಕ್ ಬೇರ್ಪಡಿಸಿ

ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಪ್ರಿಂಟರ್ ಇರುವ ನೆಟ್‌ವರ್ಕಿಗೆ ಗ್ರಾಹಕರ ಯಂತ್ರವನ್ನು ಸೇರಿಸಬೇಡಿ. ಎರಡನೇ ರೂಟರ್ ತಂದರೆ ಸಾಕೆಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಬೆಂಚಿನ ರೂಟರನ್ನು ಬಿಲ್ಲಿಂಗ್ ರೂಟರಿಗೆ ಜೋಡಿಸಿ ಅದರ ಮೂಲಕ ಇಂಟರ್ನೆಟ್ ಪಡೆದರೆ, ಬೆಂಚಿನಿಂದ ಬಿಲ್ಲಿಂಗ್ ಯಂತ್ರದವರೆಗೂ ದಾರಿ ತೆರೆದೇ ಇರುತ್ತದೆ. ವಿಎಲ್ಎಎನ್ ಸೌಲಭ್ಯವಿರುವ ರೂಟರ್ ಮತ್ತು ಸ್ವಿಚ್ ಬಳಸಿ ಎರಡನ್ನೂ ಪ್ರತ್ಯೇಕಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಫೈರ್‌ವಾಲ್‌ನಲ್ಲಿ ಮುಚ್ಚಿ.

ಬೆಂಚಿನ ಮೇಲೆ ಒಮ್ಮೆಗೇ ನಾಲ್ಕಾರು ಲ್ಯಾಪ್‌ಟಾಪ್ ಇದ್ದರೆ ಅವುಗಳ ನಡುವೆಯೂ ವೈರಸ್ ಹರಡಬಹುದು. ಸ್ವಿಚ್ಚಿನಲ್ಲಿ ಪೋರ್ಟ್ ಐಸೊಲೇಷನ್, ವೈಫೈನಲ್ಲಿ ಎಪಿ ಐಸೊಲೇಷನ್ ಆನ್ ಮಾಡಿ. ಈ ಸೌಲಭ್ಯ ಇಲ್ಲದಿದ್ದರೆ ಒಂದು ಸಲಕ್ಕೆ ಒಂದೇ ಯಂತ್ರವನ್ನು ಜೋಡಿಸಿ.

2. ಟೂಲ್ ಫೈಲುಗಳಿಗೆ ಪ್ರತ್ಯೇಕ ಯಂತ್ರ

ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ ಬೆಂಚಿನ ಕಡೆಗೆ ಇಡಿ. ಅದರಲ್ಲಿ ಟೂಲ್ ಫೈಲುಗಳ ಹೊರತು ಬೇರೇನೂ ಇರಬಾರದು. ಫೈಲು ಕೊಡಲು ಸಣ್ಣ ವೆಬ್ ಸರ್ವರ್ ಎಲ್ಲಕ್ಕಿಂತ ಸುಲಭ: ಗ್ರಾಹಕರ ಯಂತ್ರದ ಬ್ರೌಸರಿನಲ್ಲಿ ವಿಳಾಸ ಕೊಟ್ಟರೆ ಫೈಲುಗಳ ಪಟ್ಟಿ ಕಾಣುತ್ತದೆ, ಬೇಕಾದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಅಪ್‌ಲೋಡ್ ಸೌಲಭ್ಯ ಕೊಡದಿದ್ದರಾಯಿತು.

ಶೇರ್ಡ್ ಫೋಲ್ಡರೇ ಬೇಕೆನ್ನುವವರು ಅದಕ್ಕೆ ಓದುವ ಅನುಮತಿ ಮಾತ್ರ ಕೊಡಲಿ. ಟೂಲ್ ಯಂತ್ರದಲ್ಲಿ ವಿಂಡೋಸ್ ಇದ್ದರೆ ಅಲ್ಲಿ ಶೇರ್‌ನ ಅನುಮತಿ, ಡಿಸ್ಕಿನ ಫೈಲ್ ಅನುಮತಿ ಎಂದು ಎರಡಿವೆ. ನೆಟ್‌ವರ್ಕಿನಿಂದ ಬಂದವರಿಗೆ ಎರಡರಲ್ಲಿ ಬಿಗಿಯಾದದ್ದು ಅನ್ವಯವಾಗುತ್ತದೆ. ಎರಡನ್ನೂ ಬಿಗಿ ಮಾಡಿ. ಫೈಲ್ ಹಂಚಿಕೆ ವ್ಯವಸ್ಥೆಯ ಎಸ್ಎಂಬಿ 1 ಎಂಬ ಹಳೆಯ ಆವೃತ್ತಿಯನ್ನು ಆಫ್ ಮಾಡಿ.

3. ಅಡ್ಮಿನ್ ಪಾಸ್‌ವರ್ಡ್ ಗ್ರಾಹಕರ ಯಂತ್ರದಲ್ಲಿ ಒತ್ತಬೇಡಿ

ಗ್ರಾಹಕರ ಯಂತ್ರದಲ್ಲಿ ಕೀಲಾಗರ್ ಇದ್ದರೆ ನೀವು ಒತ್ತಿದ ಪ್ರತಿ ಅಕ್ಷರವೂ ಕಳ್ಳರ ಪಾಲು. ಟೂಲ್ ಯಂತ್ರದಲ್ಲಿ ಬೆಂಚಿಗೆಂದೇ ಒಂದು ಖಾತೆ ತೆರೆಯಿರಿ. ಅದಕ್ಕೆ ಓದುವ ಹಕ್ಕು ಮಾತ್ರ ಇರಲಿ, ಅದರ ಪಾಸ್‌ವರ್ಡ್ ಬೇರೆಲ್ಲೂ ಬಳಕೆಯಲ್ಲಿ ಇರಬಾರದು. ನಿಮ್ಮ ಇಮೇಲ್, ಗೂಗಲ್ ಡ್ರೈವ್ ಕೂಡ ಆ ಯಂತ್ರದಲ್ಲಿ ತೆರೆಯಬೇಡಿ.

4. ಪೆನ್‌ಡ್ರೈವ್ ಬಳಸುವಾಗ

ಬರೆಯುವುದನ್ನು ತಡೆಯುವ ಸ್ವಿಚ್ ಇರುವ ಪೆನ್‌ಡ್ರೈವ್ ಸಿಗುತ್ತದೆ, ಅದನ್ನೇ ಕೊಳ್ಳಿ. ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಗುಂಡಿಯನ್ನು ನಂಬಬೇಡಿ. ಅದು ಸರಿದಿರುವುದನ್ನು ರೀಡರ್ ಗಮನಿಸುತ್ತದೆಯೇ ಹೊರತು ಕಾರ್ಡು ತಾನಾಗಿ ಬರಹವನ್ನು ತಡೆಯುವುದಿಲ್ಲ. ಸಾಮಾನ್ಯ ಪೆನ್‌ಡ್ರೈವ್ ಆದರೆ ಒಂದು ಯಂತ್ರಕ್ಕೆ ಹಾಕಿ ತೆಗೆದೊಡನೆ ಅದನ್ನು ಸೋಂಕಿತ ಎಂದೇ ತಿಳಿದು, ಲಿನಕ್ಸ್ ಯಂತ್ರದಲ್ಲಿ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿಕೊಳ್ಳಿ.

5. ಗ್ರಾಹಕರ ಡೇಟಾ ಹೊರತೆಗೆಯುವುದು

ನಿಯಮ ಮುರಿಯುವ ಸಂದರ್ಭ ಬರುವುದು ಇಲ್ಲೇ. ಮದುವೆ ಫೋಟೊ, ಟ್ಯಾಲಿ ಡೇಟಾ ಉಳಿಸಿಕೊಡಿ ಎಂದು ಗ್ರಾಹಕರು ಕೇಳಿಕೊಂಡಾಗ ಸೋಂಕಿತ ವಿಂಡೋಸನ್ನು ಬೂಟ್ ಮಾಡಿ ನೆಟ್‌ವರ್ಕಿನಲ್ಲಿ ಕಾಪಿ ಮಾಡಬೇಡಿ. ಹಾರ್ಡ್ ಡಿಸ್ಕ್ ಅಥವಾ ಎಸ್ಎಸ್‌ಡಿ ಬಿಚ್ಚಿ, ಅಡಾಪ್ಟರ್ ಮೂಲಕ ನೆಟ್‌ವರ್ಕ್ ಇಲ್ಲದ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಜೋಡಿಸಿ, ಓದಲು ಮಾತ್ರ ಮೌಂಟ್ ಮಾಡಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ರಿಕವರಿ ಕೀ ಬೇಕು. ಯಂತ್ರ ತೆಗೆದುಕೊಳ್ಳುವಾಗಲೇ ಕೇಳಿ.

ಫೋಟೊ, ದಾಖಲೆ, ಲೆಕ್ಕದ ಫೈಲುಗಳನ್ನಷ್ಟೇ ಆ ಗ್ರಾಹಕರದೇ ಹೊಸ ಡಿಸ್ಕಿಗೆ ಇಳಿಸಿ. ಪ್ರೋಗ್ರಾಂ, ಶಾರ್ಟ್‌ಕಟ್, ಸ್ಕ್ರಿಪ್ಟ್ ಫೈಲುಗಳನ್ನು ಬಿಟ್ಟುಬಿಡಿ. ವರ್ಡ್, ಎಕ್ಸೆಲ್ ಫೈಲುಗಳ ಮ್ಯಾಕ್ರೊದಲ್ಲೂ ವೈರಸ್ ಅಡಗಿರಬಹುದು, ಹಾಗಾಗಿ ಸ್ಕ್ಯಾನ್ ಮಾಡಿಯೇ ಮರಳಿಸಿ.

6. ಟೂಲ್‌ಗಳನ್ನು ಆಗಾಗ ಪರೀಕ್ಷಿಸಿ

ಫೈಲುಗಳನ್ನು ತಯಾರಕರ ಜಾಲತಾಣದಿಂದಲೇ ಇಳಿಸಿ, ಅವರು ಕೊಟ್ಟ ಎಸ್ಎಚ್ಎ-256 ಸಂಕೇತದೊಂದಿಗೆ ಹೋಲಿಸಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಇದಕ್ಕೆ ಸಾಕು. ಒಂದಕ್ಷರ ಬೇರೆಯಾದರೂ ಆ ಫೈಲು ಬೇಡ. ಮೂಲ ಪ್ರತಿಯೊಂದನ್ನು ಯಾವ ನೆಟ್‌ವರ್ಕಿಗೂ ಸೇರದ ಡಿಸ್ಕಿನಲ್ಲಿ ಇಡಿ. ಟೂಲ್ ಯಂತ್ರದ ಮೇಲೆ ಸಂಶಯ ಬಂದರೆ ಅಳಿಸಿ ಮತ್ತೆ ತುಂಬಬಹುದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು ಬಾಟ್ ತೆಗೆಯುವ ಉಪಕರಣಗಳನ್ನು ಉಚಿತವಾಗಿ ಕೊಡುತ್ತದೆ. ನಿಮ್ಮ ಟೂಲ್ ಫೋಲ್ಡರಿನಲ್ಲಿ ಅವೂ ಇರಲಿ.

ಕೊನೆಗೊಂದು ಪರೀಕ್ಷೆ: ಬೆಂಚಿನ ಯಂತ್ರದಿಂದ ಟೂಲ್ ಫೋಲ್ಡರಿನಲ್ಲಿ ಹೊಸ ಫೈಲೊಂದನ್ನು ಉಳಿಸಲು ನೋಡಿ, ಬಿಲ್ಲಿಂಗ್ ಕಂಪ್ಯೂಟರಿಗೆ ಪಿಂಗ್ ಮಾಡಿ. ಎರಡೂ ಸೋಲಬೇಕು. ಒಂದು ಗೆದ್ದರೂ ಕೇಬಲ್ ತೆಗೆದಿಟ್ಟು ಮೊದಲ ಹೆಜ್ಜೆಯಿಂದ ಮತ್ತೆ ನೋಡಿಕೊಂಡು ಬನ್ನಿ.