ಎಲ್ಲರೂ ಒಟ್ಟಿಗೇ ಟೊಮೆಟೊ ಹಾಕುವುದೇಕೆ?

ಪ್ರಶ್ನೆ: ಟೊಮೆಟೊ ಬೆಲೆ ಏರಿದರೆ ಸಾಕು, ಎಲ್ಲರೂ ಟೊಮೆಟೊ ಹಾಕುತ್ತಾರೆ. ಕೆಲವೇ ತಿಂಗಳಲ್ಲಿ ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿಯುವ ದೃಶ್ಯ ಟಿ.ವಿ.ಯಲ್ಲಿ ಬರುತ್ತದೆ. ಇಷ್ಟು ಸಲ ಪೆಟ್ಟು ತಿಂದರೂ ರೈತರು ಪಾಠ ಕಲಿಯುವುದಿಲ್ಲವೇಕೆ? ಇದು ಕುರಿಮಂದೆಯ ಬುದ್ಧಿಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ರೈತರು ಒಬ್ಬರನ್ನು ನೋಡಿ ಒಬ್ಬರು ಬೆಳೆ ಹಾಕುವುದು ಉಂಟು. ಆದರೆ ಆ ಒಂದೇ ಕಾರಣ ಸಾಲದು. ಯಾರನ್ನೂ ನೋಡದೆ, ಅವರವರೇ ಕೂತು ಲೆಕ್ಕ ಹಾಕಿದ್ದರೂ ಫಲಿತಾಂಶ ಹೆಚ್ಚುಕಡಿಮೆ ಇದೇ ಆಗಿರುತ್ತಿತ್ತು.

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ನರ್ಸರಿಯಲ್ಲಿ ಸಸಿ ಬೆಳೆಯಲು ಸುಮಾರು ಒಂದು ತಿಂಗಳು, ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ ಎರಡು ತಿಂಗಳಿಗೂ ಮೇಲೆ ಬೇಕು. ಅಂದರೆ ರೈತ ಇಂದಿನ ಬೆಲೆ ನೋಡಿ ಹಾಕಿದ ಬೆಳೆ ಮಾರಾಟವಾಗುವುದು ಮೂರು ತಿಂಗಳಾಚೆಯ ಬೆಲೆಗೆ. ಆ ನಡುವೆ ಪಕ್ಕದ ಊರಿನವರು, ಆಂಧ್ರದ ಮದನಪಲ್ಲಿಯವರು, ಮಹಾರಾಷ್ಟ್ರದ ನಾರಾಯಣಗಾಂವ್‌ನವರು ಎಷ್ಟು ಎಕರೆ ನಾಟಿ ಮಾಡಿದರೆಂಬುದು ಅವನ ಕಣ್ಣಿಗೆ ಬೀಳುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಹಂದಿ ಮಾಂಸದ ಬೆಲೆ ಕೆಲವು ವರ್ಷಗಳಿಗೊಮ್ಮೆ ಏರಿ ಇಳಿಯುವುದನ್ನು ಜರ್ಮನಿಯ ಆರ್ತುರ್ ಹನಾವ್ 1928ರಲ್ಲೇ ಅಧ್ಯಯನ ಮಾಡಿ ತೋರಿಸಿದ್ದರು. ಬೆಲೆ ಏರಿದಾಗ ಎಲ್ಲರೂ ಮರಿ ಸಾಕುತ್ತಾರೆ, ಅವು ಬಲಿತು ಒಟ್ಟಿಗೇ ಮಾರುಕಟ್ಟೆಗೆ ಬಂದಾಗ ಬೆಲೆ ಬೀಳುತ್ತದೆ, ಸಾಕುವವರು ಕಡಿಮೆಯಾಗುತ್ತಾರೆ, ಮತ್ತೆ ಬೆಲೆ ಏರುತ್ತದೆ.

ಓದು ಬರಹ ಹೆಚ್ಚಿದ್ದವರು ಹೀಗೆ ಮಾಡುವುದಿಲ್ಲ ಅನ್ನಿಸಿದರೆ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ‘ಬಿಯರ್ ಆಟ’ದ ಕಥೆ ಕೇಳಿ. ಮೇಜಿನ ಸುತ್ತ ನಾಲ್ವರು: ಚಿಲ್ಲರೆ ಅಂಗಡಿಯವ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆಯವ. ಪರಸ್ಪರ ಮಾತಾಡುವಂತಿಲ್ಲ. ಕೇಳಿದ ಮಾಲು ಕೈಗೆ ಬರಲು ಕೆಲವು ವಾರ ಕಾಯಬೇಕು. ಗ್ರಾಹಕರ ಬೇಡಿಕೆ ವಾರಕ್ಕೆ 4 ಪೆಟ್ಟಿಗೆಯಿಂದ ಒಮ್ಮೆ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಇಡೀ ಆಟದಲ್ಲಿ ಆಗುವ ಬದಲಾವಣೆ ಅಷ್ಟೇ. ಆದರೂ ಮೊದಲು ದಾಸ್ತಾನು ಖಾಲಿ. ಗಾಬರಿಯಿಂದ ಎಲ್ಲರೂ ಹೆಚ್ಚು ಹೆಚ್ಚು ಆರ್ಡರ್ ಕೊಡುತ್ತಾರೆ. ಆಮೇಲೆ ಎಲ್ಲರ ಗೋದಾಮು ತುಂಬಿ ತುಳುಕುತ್ತದೆ. ಎಂಐಟಿಯ ಜಾನ್ ಸ್ಟರ್ಮನ್ 1989ರಲ್ಲಿ ಈ ಆಟದ ಫಲಿತಾಂಶಗಳನ್ನು ವಿಶ್ಲೇಷಿಸಿ ಪ್ರಕಟಿಸಿದರು. ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು, ಕಂಪನಿಗಳ ಅಧಿಕಾರಿಗಳು ಆಡಿದರೂ ಅದೇ ಏರಿಳಿತ. ‘ಗ್ರಾಹಕರ ಬೇಡಿಕೆ ಹೇಗಿತ್ತು, ಗೆರೆ ಎಳೆದು ತೋರಿಸಿ’ ಎಂದರೆ ಬಹುತೇಕರು ಭಾರೀ ಏರಿಳಿತದ ಗೆರೆಯನ್ನೇ ಎಳೆಯುತ್ತಾರೆ. ತಾವೇ ಎಬ್ಬಿಸಿದ ಅಲೆಯನ್ನು ಗ್ರಾಹಕನ ತಲೆಗೆ ಕಟ್ಟುತ್ತಾರೆ.

ಆಟ ಮುಗಿದರೆ ಆಡಿದವರು ಎದ್ದು ಹೋಗಬಹುದು. ರೈತನಿಗೆ ಆ ಸೌಕರ್ಯವಿಲ್ಲ. ‘ಬೆಲೆ ಬಿದ್ದಾಗ ನಾಟಿ ಮಾಡು, ಏರಿದಾಗ ಮಾರು’ ಎಂಬ ಉಪದೇಶ ಅವನಿಗೂ ಗೊತ್ತು. ಆದರೆ ಬೆಲೆ ಬಿದ್ದಾಗ ಅವನ ಕೈ ಬರಿದಾಗಿರುತ್ತದೆ. ಸಸಿ, ಕಡ್ಡಿ, ಡ್ರಿಪ್, ಔಷಧಿ, ಕೊಯ್ಲಿನ ಕೂಲಿ ಎಲ್ಲಕ್ಕೂ ದುಡ್ಡು ಬೇಕು. ಬೆಲೆ ಏರಿದಾಗಲಾದರೋ ಸಾಲ ಸಲೀಸಾಗಿ ಹುಟ್ಟುತ್ತದೆ, ಮಂಡಿಯವರೂ ಮುಂಗಡ ಕೊಡಲು ಮುಂದೆ ಬರುತ್ತಾರೆ. ಜೊತೆಗೆ, ಒಂದು ಬೆಳೆ ಕೈ ಹಿಡಿದರೆ ಹಲವು ಬೆಳೆಯ ಸಾಲ ತೀರುತ್ತದೆ. ಸಾಲದಲ್ಲಿರುವವನಿಗೆ ಇದು ಮೂರ್ಖತನವಲ್ಲ, ಉಳಿದಿರುವ ಒಂದೇ ದಾರಿ.

ಹಾಗಾದರೆ ಬದಲಾಗಬೇಕಾದದ್ದು ಏನು? ಅದೇ ಕೋಲಾರದ ಹಾಲನ್ನು ನೋಡಿ. ಟೊಮೆಟೊಗಿಂತ ಬೇಗ ಕೆಡುವ ಪದಾರ್ಥ. ಆದರೂ ಹಾಲಿನ ಬೆಲೆ ಎರಡು ತಿಂಗಳಲ್ಲಿ ಹತ್ತು ಪಟ್ಟು ಬೀಳುವುದಿಲ್ಲ. ರಾಜ್ಯದಲ್ಲಿ 1974ರಿಂದ ಕಟ್ಟಿಕೊಂಡು ಬಂದ ಹಾಲು ಸಹಕಾರ ವ್ಯವಸ್ಥೆಯಲ್ಲಿ ಊರಿನ ಡೇರಿ ದಿನವೂ ಹಾಲು ಕೊಳ್ಳುತ್ತದೆ, ಲೀಟರಿಗೆ ಎಷ್ಟೆಂಬುದು ಮೊದಲೇ ಗೊತ್ತಿರುತ್ತದೆ, ಹೆಚ್ಚಾದದ್ದು ಪುಡಿಯಾಗುತ್ತದೆ. ಅಲ್ಲಿಯೂ ತಕರಾರುಗಳಿವೆ. ಆದರೆ ಹಸು ಕಟ್ಟಿದವನೂ ಟೊಮೆಟೊ ಹಾಕಿದವನೂ ಎಷ್ಟೋ ಮನೆಗಳಲ್ಲಿ ಒಬ್ಬನೇ. ಒಂದು ಕಡೆ ಸ್ಥಿರವಾಗಿರುವ ಮನುಷ್ಯ ಇನ್ನೊಂದು ಕಡೆ ಜೂಜಾಡುತ್ತಿದ್ದಾನೆಂದರೆ ವ್ಯತ್ಯಾಸ ಅವನ ಬುದ್ಧಿಯಲ್ಲಿಲ್ಲ.

ಟೊಮೆಟೊ, ಈರುಳ್ಳಿ, ಆಲೂಗಡ್ಡೆಗಾಗಿ ಕೇಂದ್ರ ಸರ್ಕಾರ 2018ರ ಬಜೆಟ್‌ನಲ್ಲಿ 500 ಕೋಟಿ ರೂಪಾಯಿಯ ‘ಆಪರೇಷನ್ ಗ್ರೀನ್ಸ್’ ಘೋಷಿಸಿತು. ಸಂಸ್ಕರಣೆ, ಸಂಗ್ರಹಣೆ ಎಲ್ಲವೂ ಬೇಕಾದವೇ. ಅದಕ್ಕಿಂತ ಅಗ್ಗದ ಕೆಲಸವೂ ಒಂದಿದೆ: ಯಾವ ವಾರ ಎಷ್ಟು ಸಸಿ ಮಾರಾಟವಾಯಿತು ಎಂಬ ಲೆಕ್ಕ ನರ್ಸರಿಗಳಲ್ಲಿ ಇದ್ದೇ ಇರುತ್ತದೆ. ತಾಲ್ಲೂಕುವಾರು ಅದನ್ನು ಕೂಡಿಸಿ ವಾರವಾರವೂ ರೈತರ ಮೊಬೈಲಿಗೆ ಕಳಿಸಿದರೆ, ನಾಟಿಗೆ ಮುಂಚೆಯೇ ‘ಈ ಸಲ ಅತಿಯಾಯಿತು’ ಎಂಬ ಎಚ್ಚರಿಕೆ ಸಿಗುತ್ತದೆ. ಎಲ್ಲರೂ ಒಟ್ಟಿಗೇ ಹಿಂಜರಿದರೆ ಬೆಲೆ ಮತ್ತೆ ಏರೀತು ಎಂಬ ಅಪಾಯ ಅದರಲ್ಲೂ ಇದೆ. ಆದರೆ ಕತ್ತಲಲ್ಲಿ ನಾಟಿ ಮಾಡುವುದಕ್ಕಿಂತ ಅದು ಮೇಲು.

ಇನ್ನು ಮುಂದೆ ರಸ್ತೆಗೆ ಸುರಿದ ಟೊಮೆಟೊ ಕಂಡಾಗ ರೈತ ಯಾಕೆ ಕಲಿಯಲಿಲ್ಲ ಎಂದು ಕೇಳಬೇಡಿ. ಅವನಿಗೆ ಮೂರು ತಿಂಗಳ ಹಿಂದೆ ಯಾವ ಮಾಹಿತಿ ಸಿಕ್ಕಿರಲಿಲ್ಲ, ಅದನ್ನು ಕೊಡಬೇಕಾಗಿದ್ದವರು ಯಾರು ಎಂದು ಕೇಳಿ.